ಎರಡನೇ ಬೆಂಚಿನವನಿಗೆ, ಬಂಗಾರಪೇಟೆಯಿಂದ

ಪ್ರೀತಿಯ ಎರಡನೇ ಬೆಂಚಿನವನೇ,

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ದರಿಯಾ ದೌಲತ್ ಗೇಟಿನ ಮುಂದೆ ನಿಂತು ನೀನು ಕಳಿಸಿದ ಫೋಟೋ ಬಂತು. ‘ಇವತ್ತು ಟಿಕೆಟ್ ಇಲ್ಲ ಕಣೋ, ನಮ್ಮ ಬೂದಿಕೋಟೆಯವನನ್ನ ನೋಡ್ಕೊಂಡು ಬರ್ತೀವಿ’ ಅಂತ ಕೆಳಗೆ ಬರೆದಿದ್ದೆ. ನೋಡಿದಿರಾ? ಪಶ್ಚಿಮದ ಗೋಡೆ ತುಂಬ 1780ರ ಪೊಳ್ಳಿಲೂರು ಕಾಳಗದ ಚಿತ್ರ ಇದೆಯಲ್ಲ, ಅದರ ಮುಂದೆ ನಿಂತು ಮಕ್ಕಳಿಗೆ ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿಯನ್ನು ತೋರಿಸಿದೆಯೋ, ಇಲ್ಲ ಸೀದಾ ತೋಟಕ್ಕೆ ಹೋಗಿ ಪುಳಿಯೋಗರೆ ಬಿಚ್ಚಿದೆಯೋ? ಗೋಡಂಬಿ ಆರಿಸಿಕೊಂಡದ್ದು ಯಾರು ಅಂತ ನಾನು ಕೇಳುವುದಿಲ್ಲ. ಹೈದರ್ 1782ರಲ್ಲಿ ತೀರಿಕೊಂಡಾಗ ಮೊದಲು ಮಣ್ಣು ಮಾಡಿದ್ದು ನಮ್ಮ ಕೋಲಾರದಲ್ಲಿ, ಅವನ ಅಪ್ಪನ ಗೋರಿಯ ಹತ್ತಿರ. ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. ಇದನ್ನೂ ಮಕ್ಕಳಿಗೆ ಹೇಳು.

ಈ ಪತ್ರವನ್ನು ಬೇರೆಯವರೂ ಓದುತ್ತಾರಲ್ಲ, ಅವರಿಗೊಂದು ಮಾತು. ಮೇ 18 ಮ್ಯೂಸಿಯಂ ದಿನ. ಜಗತ್ತಿನ ಮ್ಯೂಸಿಯಂನವರ ಮಂಡಳಿ 1977ರಲ್ಲಿ ಮಾಸ್ಕೋದಲ್ಲಿ ಸೇರಿದಾಗ, ವರ್ಷಕ್ಕೊಂದು ದಿನ ಹೀಗೆ ಇರಲಿ ಅಂತ ತೀರ್ಮಾನ ಮಾಡಿತು. ಅವತ್ತು ಎಷ್ಟೋ ಕಡೆ ಬಾಗಿಲು ಪುಕ್ಕಟೆ. ಸುಮ್ನೆ ಹತ್ತಿಪ್ಪತ್ತು ರೂಪಾಯಿ ಉಳಿಯಿತು ಅನ್ನಬೇಡಿ. ‘ನಮ್ಮಂಥೋರು ಒಳಗೆ ಹೋಗಬಹುದಾ’ ಅಂತ ಗೇಟಿನಲ್ಲೇ ಹಿಂಜರಿಯುವವರು ಬಹಳ ಜನ ಇದ್ದಾರೆ. ಅವರಿಗೆ ಇದು ಬನ್ನಿ ಅಂತ ಕರೆದ ಹಾಗೆ.

ನಾವೂ ಹೊರಟಿದ್ದೆವು. ಅಪ್ಪನಿಗೆ ಅಷ್ಟು ದೂರ ಆಗುವುದಿಲ್ಲ ಅಂತ ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿಯ ಮ್ಯೂಸಿಯಂಗೆ ಹೋದೆವು. 2007ರ ತನಕ ಅದೂ ನಮ್ಮ ಜಿಲ್ಲೆಯೇ ಅಲ್ವಾ. ‘ಕೋಲಾರ ಜಿಲ್ಲೆಯ ಮುದ್ದೇನಹಳ್ಳಿ’ ಅಂತ ನಾವಿಬ್ಬರೂ ಬಾಯಿಪಾಠ ಮಾಡಿದವರು. ಮೇಷ್ಟ್ರ ಸೈಕಲ್ ನೆನಪಾಯಿತೇ? ಬೇಡ, ಅದನ್ನು ಇಲ್ಲಿ ಎತ್ತುವುದಿಲ್ಲ.

ವಿಶ್ವೇಶ್ವರಯ್ಯನವರ ಬಿರುದು ಬಾವಲಿಗಳನ್ನು ಎಲ್ಲರೂ ನೋಡುತ್ತಾರೆ. ನನಗೆ ಇಷ್ಟವಾದದ್ದು ಅವರ ದಿನಬಳಕೆಯ ಸಾಮಾನು. ಕನ್ನಡಕ, ಕಪ್ಪುಗಳು, ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುತ್ತಿದ್ದ ಬ್ಲಾಕು. ನನ್ನ ಮಗಳು ಆ ಬ್ಲಾಕಿನ ಉಲ್ಟಾ ಅಕ್ಷರಗಳನ್ನು ಬಲದಿಂದ ಎಡಕ್ಕೆ ಕೂಡಿಸಿ ಓದಲು ನೋಡಿದಳು. ಮೈಸೂರಿನ ದಿವಾನರಾಗಿದ್ದವರ ಹೆಸರು ಅಂಗೈಯಗಲದಲ್ಲಿ ಕೂತಿದೆ. ಯಾರೋ ಅದನ್ನು ಬಿಸಾಡದೆ, ಗುಜರಿಗೆ ಹಾಕದೆ, ಒರೆಸಿ ಇಟ್ಟಿದ್ದಾರೆ. ಹಾಗೆ ಇಟ್ಟವರ ಮೇಲೆ ನನಗೆ ತುಂಬ ಗೌರವ ಬಂತು.

ಆದರೆ ನಾನು ನಿನಗೆ ಬರೆಯಲು ಕೂತದ್ದು ಬಾಗಿಲಲ್ಲಿ ಆದದ್ದನ್ನು. ಒಳಗೆ ಹೋಗುವ ಮುಂಚೆ ಅಪ್ಪ ನಿಂತುಬಿಟ್ಟರು. ಜೇಬಿನಲ್ಲಿದ್ದ ಕರ್ಚೀಫು, ಚಿಲ್ಲರೆ, ಮಾತ್ರೆ ಚೀಟಿ ಎಲ್ಲ ತೆಗೆದು ಎಡಗೈಯಲ್ಲಿ ಹಿಡಿದುಕೊಂಡರು. ಎರಡೂ ಕೈಯನ್ನು ಮೈಯಿಂದ ಸ್ವಲ್ಪ ದೂರ ಮಾಡಿ ಕಾದರು. ತಪಾಸಣೆಗೆ. ಅವರು ಕೆಲಸ ಮಾಡುತ್ತಿದ್ದ ಕೆಜಿಎಫ್‌ನಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಶಿಫ್ಟು ಮುಗಿಸಿ ಮೇಲೆ ಬಂದವರನ್ನು ಚಿನ್ನ ಏನಾದರೂ ಇದೆಯಾ ಅಂತ ತಡಕಿ ನೋಡಿ ಬಿಡುತ್ತಿದ್ದರಲ್ಲ, ಹಾಗೆ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಅವರ ಕೈಗೆ ಅದು ಮರೆತಿಲ್ಲ. ‘ಇಲ್ಲಿ ಯಾರೂ ನೋಡಲ್ಲ ಬನ್ನಿ ಅಪ್ಪ’ ಅಂದೆ. ಬಂದರು. ಆ ಬ್ಲಾಕಿನ ಮುಂದೆ ತುಂಬ ಹೊತ್ತು ನಿಂತರು. ‘ಇಷ್ಟು ಸಣ್ಣದನ್ನೂ ಇಟ್ಟವ್ರಲ್ಲ’ ಅಂದರು. ಅಷ್ಟೇ.

ರಾತ್ರಿ ಊಟವಾದ ಮೇಲೆ ಮಂಚದ ಕೆಳಗಿಂದ ಟ್ರಂಕು ಎಳೆದರು. ಪಂಚೆಗಳ ಅಡಿಯಿಂದ ತಮ್ಮ ಗಣಿ ಕೆಲಸದ ನಂಬರು ಬಿಲ್ಲೆ ತೆಗೆದು ಮೊಮ್ಮಗಳ ಕೈಗೆ ಕೊಟ್ಟರು. ಹಿತ್ತಾಳೆಯದು. ಮೇಲೆ ಒಂದು ತೂತು, ಮಧ್ಯದಲ್ಲಿ ಕುಟ್ಟಿದ ನಂಬರು. ಅಂಚು ಸವೆದು ನುಣ್ಣಗಾಗಿದೆ. ತೂತಿನ ಸುತ್ತ ಮಾತ್ರ ಇನ್ನೂ ಕಪ್ಪು ಜಿಡ್ಡು ಇದೆ. ಹೆಸರು ಇಲ್ಲ. ಅವಳು ತಿರುಗಿಸಿ ನೋಡಿದಳು, ಹಿಂದೆಯೂ ಇಲ್ಲ. ‘ತಾತ, ನಿನ್ನ ಹೆಸರೆಲ್ಲಿ?’ ಅಂದಳು. ಅಪ್ಪ ಅದಕ್ಕೆ ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿ, ‘ಇದನ್ನೂ ಹಂಗೆ ಎಲ್ಲಾದ್ರೂ ಇಡ್ತಾರಾ?’ ಅಂತ ಕೇಳಿದರು.

ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ ಕಣೋ.

ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. 1880ರಲ್ಲಿ ಗಣಿ ನಡೆಸಲು ಬ್ರಿಟಿಷರ ಜಾನ್ ಟೇಲರ್ ಕಂಪನಿಯವರು ಬಂದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಷ್ಟರಲ್ಲಿ 800 ಟನ್ನಿಗೂ ಜಾಸ್ತಿ ಚಿನ್ನ ಮೇಲೆ ಬಂತು ಅನ್ನುತ್ತಾರೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಬಂದದ್ದು ಕೆಜಿಎಫ್‌ಗೆ, ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಆಕಾಶದಲ್ಲಿ ಹುಟ್ಟಿ ನೆಲವನ್ನೇ ತೂರಿಕೊಂಡು ಬರುವ ನ್ಯೂಟ್ರಿನೋ ಕಣದ ಗುರುತು ಮೊದಲು ಸಿಕ್ಕಿದ್ದು 1965ರಲ್ಲಿ, ಎರಡೇ ಕಡೆ. ಒಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ, ಇನ್ನೊಂದು ನಮ್ಮದು. ನಮ್ಮ ಅಪ್ಪಂದಿರು ಕೇಜಿನಲ್ಲಿ ಇಳಿಯುತ್ತಿದ್ದ ಅದೇ ಆಳದಲ್ಲಿ.

ಇದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಮಿಕ್ಕಿದ್ದು ಸಿಗುವುದಿಲ್ಲ. ಆಳದಲ್ಲಿ ಬಂಡೆಯೇ ಸುಡುತ್ತಿತ್ತಂತೆ, ಬೆವರಿಗೆ ಚಡ್ಡಿ ಹಿಂಡುತ್ತಿದ್ದರಂತೆ. ಮೇಲಿನ ಭಾರಕ್ಕೆ ಬಂಡೆ ತಾನಾಗಿ ಸಿಡಿದಾಗ ನಮ್ಮ ಅಡುಗೆ ಮನೆಯ ತಟ್ಟೆಗಳು ಗಲಗಲ ಅನ್ನುತ್ತಿದ್ದವು. ಆಗ ಅಮ್ಮಂದಿರು ಕೈಯಲ್ಲಿದ್ದ ಸೌಟು ಹಿಡಿದೇ ಬೀದಿಗೆ ಬರುತ್ತಿದ್ದರು. ನಮ್ಮ ಮನೆ ಕನ್ನಡ, ನಿಮ್ಮ ಎದುರುಮನೆ ತಮಿಳು, ಪಕ್ಕದಲ್ಲಿ ತೆಲುಗು. ಯಾರ ಶಿಫ್ಟು, ಯಾವ ಶಾಫ್ಟು ಅಂತ ಕೇಳುವಾಗ ಎಲ್ಲರದೂ ಒಂದೇ ಭಾಷೆ. ಇದನ್ನು ಹೇಳಲು ಒಂದು ಕೋಣೆ ಬೇಕು. ದೊಡ್ಡದು ಬೇಡ. ಬಿಲ್ಲೆ, ಕ್ಯಾರಿಯರು, ಹೆಲ್ಮೆಟ್ಟು ಇಡಲು ಒಂದು ಕಪಾಟು. ಪ್ರತಿಯೊಂದರ ಕೆಳಗೂ ಅದು ಯಾರದು ಅಂತ ಹೆಸರಿರಬೇಕು. ನಂಬರಲ್ಲ, ಹೆಸರು. ಅಪ್ಪನಂಥವರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತು ಬಂದವರಿಗೆ ಹೇಳಬೇಕು. ಅದಕ್ಕೆ ವರ್ಷದಲ್ಲಿ ಒಂದು ದಿನ ಅಲ್ಲ, ಎಲ್ಲ ದಿನವೂ ಟಿಕೆಟ್ ಇರಬಾರದು.

ಯಾಕೆ ಇಷ್ಟು ಅವಸರ ಅಂತ ಕೇಳುತ್ತೀಯ. ಈಗೀಗ ಅಪ್ಪ ಶಾಫ್ಟುಗಳ ಹೆಸರು ಅದಲುಬದಲು ಮಾಡುತ್ತಿದ್ದಾರೆ. ಯಾವ ಲೆವೆಲ್ಲಿನಲ್ಲಿ ಯಾರ ಜೊತೆ ಇದ್ದೆ ಅನ್ನುವುದು ಒಂದೊಂದು ದಿನ ಒಂದೊಂದು ಥರ. ಹೋದ ವಾರ ಸಂಜೆ ಜಗಲಿಯಲ್ಲಿ ಕೂತಿದ್ದವರು ನಿಮ್ಮಪ್ಪನ ಹೆಸರು ಹಿಡಿದು, ‘ಅವನು ಈ ಕಡೆ ಬರಲೇ ಇಲ್ಲ, ನೈಟ್ ಶಿಫ್ಟಾ?’ ಅಂದರು. ನಾನು ‘ಹೂಂ ಅಪ್ಪ, ನೈಟ್ ಶಿಫ್ಟು’ ಅಂದೆ. ನಿನಗೆ ಇದನ್ನು ಹೇಳಬೇಕೋ ಬೇಡವೋ ಗೊತ್ತಾಗದೆ ಇಷ್ಟು ದಿನ ಫೋನ್ ಮಾಡಲಿಲ್ಲ. ರಾತ್ರಿ ಅವರ ಕೆಮ್ಮು ಕೇಳಿಸಿದರೆ ನನಗೆ ನಿದ್ದೆ ಬರುತ್ತದೆ. ಕೇಳಿಸದಿದ್ದರೆ ಎದ್ದು ಹೋಗಿ ನೋಡುತ್ತೇನೆ. ಆ ಬಿಲ್ಲೆಯನ್ನು ನಾನೊಬ್ಬನೇ ಕಾಯಲಾರೆ. ಮನೆಯಲ್ಲಿ ಇದ್ದರೆ ಅದು ನನ್ನ ತಲೆಗೇ ಮುಗಿಯುತ್ತದೆ.

ಇದನ್ನೆಲ್ಲ ಇಲ್ಲಿ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ, ಮಾವಿನ ವಿಷಯಕ್ಕೆ ಬರೋಣ. ಶ್ರೀನಿವಾಸಪುರದ ಮಂಡಿಗೆ ಲೋಡು ಬರುತ್ತಿದೆ. ನಿನಗೆ ಬಾದಾಮಿ, ಮಕ್ಕಳಿಗೆ ರಸಪುರಿ, ಉಪ್ಪಿನಕಾಯಿಗೆ ಒಂದು ಚೀಲ ತೋತಾಪುರಿ ಹೇಳಿಟ್ಟಿದ್ದೇನೆ. ಭಾನುವಾರ ಮಾರಿಕುಪ್ಪಂ ರೈಲು ಹಿಡಿದು ಬಾ. ಕಾರಿನಲ್ಲಿ ಬಂದರೆ ಹೊಸಕೋಟೆಯಲ್ಲಿ ಬಿರಿಯಾನಿಗೆ ನಿಂತುಬಿಡುತ್ತೀಯ, ಇಲ್ಲಿ ಮುದ್ದೆ ಆರಿಹೋಗುತ್ತದೆ.

ಬರುವಾಗ ಒಂದು ಕೆಲಸ ಮಾಡು. ನಿಮ್ಮಪ್ಪನ ಗಣಿ ಹೆಲ್ಮೆಟ್ಟಿನಲ್ಲಿ ಅಮ್ಮ ದೊಡ್ಡಪತ್ರೆ ಗಿಡ ಹಾಕಿದ್ದಾರಲ್ಲ, ಅದನ್ನು ತಗೊಂಡು ಬಾ. ಗಿಡಕ್ಕೆ ನಾನು ಇಲ್ಲಿಂದ ಒಳ್ಳೆಯ ಮಣ್ಣಿನ ಕುಂಡ ಕೊಡುತ್ತೇನೆ. ಅಮ್ಮ ಬೈದರೆ ನನ್ನ ಹೆಸರು ಹೇಳು, ನನಗಾದರೆ ಸ್ವಲ್ಪ ಕಮ್ಮಿ ಬೈಯುತ್ತಾರೆ.

ಇಂತಿ ನಿನ್ನ,
ಮೂರನೇ ಬೆಂಚಿನವನು