ಮೊದಲ ಅಭಿಮಾನಿ ಸಮ್ಮೇಳನ ನಡೆದದ್ದು ಗ್ರಂಥಾಲಯದಲ್ಲಿ

ಮಾನ್ಯ ಸಂಪಾದಕರೇ,

ಟಿ.ವಿ.ಯ ವೈಜ್ಞಾನಿಕ ಕಥಾ ಧಾರಾವಾಹಿಗಳ ಅಭಿಮಾನಿಗಳು ನಡೆಸುವ ಸಮ್ಮೇಳನಗಳ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಲೇಖನ ಬಂದಿದೆ. ಇವು 1972ರಲ್ಲಿ ನ್ಯೂಯಾರ್ಕಿನ ಹೋಟೆಲಿನಲ್ಲಿ ಆರಂಭವಾದವೆಂದೂ, ಮೊದಲಿನಿಂದಲೂ ಸರಕು ಮಾರುವ ಕಂಪನಿಗಳ ಸೃಷ್ಟಿಯೆಂದೂ ಅದರಲ್ಲಿ ಬರೆಯಲಾಗಿದೆ. ಎರಡೂ ಮಾತು ಸರಿಯಲ್ಲ.

ಬಾಹ್ಯಾಕಾಶ ಯಾನದ ಕಥೆಯುಳ್ಳ ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಗೆಂದೇ ಮೀಸಲಾದ ಮೊದಲ ಕೂಟ 1969ರ ಮಾರ್ಚ್ 1ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ನಡೆಯಿತು. ಅದನ್ನು ಏರ್ಪಡಿಸಿದ ಶೆರ್ನಾ ಕಮರ್‌ಫೋರ್ಡ್ ಮತ್ತು ಡೆವ್ರಾ ಲ್ಯಾಂಗ್ಸಮ್, ಅದೇ ಧಾರಾವಾಹಿಯ ಬಗ್ಗೆ 1967ರಲ್ಲೇ ‘ಸ್ಪಾಕನೇಲಿಯಾ’ ಎಂಬ ಕಿರುಪತ್ರಿಕೆ ಹೊರಡಿಸಿದ್ದ ಮಹಿಳೆಯರು. ಸೇರಿದ್ದವರು ಕೆಲವೇ ನೂರು ಮಂದಿ. ನಟರಾರೂ ಬಂದಿರಲಿಲ್ಲ, ಸ್ಲೈಡುಗಳನ್ನು ನೋಡುವುದು, ಕಿರುಪ್ರಹಸನ ಆಡುವುದು, ಚರ್ಚಿಸುವುದು, ಇಂಥದ್ದೇ ಆಗಿತ್ತು ಕಾರ್ಯಕ್ರಮ. ಸರಿಯಾಗಿ ಒಂದು ವರ್ಷದ ಹಿಂದೆ, 1968ರ ಮಾರ್ಚ್ 1ರ ರಾತ್ರಿ, ಎನ್‌ಬಿಸಿ ವಾಹಿನಿಯು ಧಾರಾವಾಹಿಯನ್ನು ಮುಂದುವರಿಸುವುದಾಗಿ ಪ್ರಸಾರದಲ್ಲೇ ಘೋಷಿಸಿತ್ತು. ನಿಲ್ಲಿಸಬೇಡಿರೆಂದು ಪ್ರೇಕ್ಷಕರು ಬರೆದ ಪತ್ರಗಳ ಸಂಖ್ಯೆ 1 ಲಕ್ಷ ದಾಟಿತ್ತು. ವಾಚಕರ ವಾಣಿಗೆ ನಲವತ್ತು ವರ್ಷಗಳಿಂದ ಬರೆಯುತ್ತಿರುವ ನನಗೆ ಈ ಸಂಗತಿ ತುಸು ಹೆಚ್ಚೇ ಹಿಡಿಸಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಲೇಖಕರು ಹೇಳಿದ ಹೋಟೆಲ್ ಸಮ್ಮೇಳನ 1972ರ ಜನವರಿ 21ರಿಂದ 23ರವರೆಗೆ ನಡೆದದ್ದು ನಿಜ. ಆ ವೇಳೆಗೆ ಧಾರಾವಾಹಿಯ ಹೊಸ ಕಂತುಗಳು ನಿಂತು ಎರಡೂವರೆ ವರ್ಷ ಕಳೆದಿತ್ತು. ಆದರೆ ಊರೂರಿನ ಕೇಂದ್ರಗಳು ಹಳೆಯ 79 ಕಂತುಗಳನ್ನೇ ಮತ್ತೆ ಮತ್ತೆ ತೋರಿಸಿದ್ದರಿಂದ ನೋಡುವವರು ಮೊದಲಿಗಿಂತ ಹೆಚ್ಚಿದ್ದರು. ಏರ್ಪಡಿಸಿದ್ದು ಅಭಿಮಾನಿಗಳದೇ ಸಮಿತಿ, ಅದರಲ್ಲಿ ಅದೇ ಲ್ಯಾಂಗ್ಸಮ್ ಅವರೂ ಇದ್ದರು. ಐನೂರು ಜನರ ಲೆಕ್ಕ ಹಾಕಿದ್ದಲ್ಲಿ 3,000ಕ್ಕೂ ಹೆಚ್ಚು ಮಂದಿ ಬಂದರು. ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಬಡಿಸಿದವರಿಗೆ ಆ ಸಮಿತಿಯವರ ಪಾಡು ಬಿಡಿಸಿ ಹೇಳಬೇಕಿಲ್ಲ. ಧಾರಾವಾಹಿಯ ಕರ್ತೃ ಜೀನ್ ರಾಡೆನ್‌ಬೆರಿ, ಲೇಖಕ ಐಸಾಕ್ ಅಸಿಮೋವ್ ಬಂದಿದ್ದರು. ನಾಸಾ ಸಂಸ್ಥೆಯು ಪ್ರದರ್ಶನ ಸಾಮಗ್ರಿ ಕಳುಹಿಸಿತ್ತು. ವ್ಯಾಪಾರಿಗಳು ಮೇಜು ಹಾಕಿದ್ದು ಸುಳ್ಳಲ್ಲ, ಆದರೆ ಜಾತ್ರೆಯಲ್ಲಿ ಬಳೆ ಅಂಗಡಿ ಇದ್ದ ಮಾತ್ರಕ್ಕೆ ಜಾತ್ರೆ ಬಳೆಗಾರರದಾಗುವುದಿಲ್ಲ. ಲಂಡನ್ನಿನಲ್ಲಿ ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಧಾರಾವಾಹಿಯ ಅಭಿಮಾನಿಗಳು 1977ರ ಆಗಸ್ಟ್‌ನಲ್ಲಿ ತಮ್ಮ ಮೊದಲ ಸಮ್ಮೇಳನ ನಡೆಸಿದ್ದು ಕೂಡ ಬ್ಯಾಟರ್‌ಸೀಯ ಚರ್ಚೊಂದರ ಸಭಾಂಗಣದಲ್ಲಿ.

ಇಂಥವೆಲ್ಲ ನಮ್ಮ ಸೀಮೆಗೆ ಸಂಬಂಧಿಸಿದ್ದಲ್ಲ ಎಂಬ ಲೇಖನದ ಕೊನೆಯ ಸಾಲಿಗೂ ನನ್ನ ತಕರಾರಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅದೇ ನಾಸಾದ ಎಟಿಎಸ್–6 ಉಪಗ್ರಹದ ಮೂಲಕ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿ.ವಿ. ಬಂದಿತ್ತು, ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು. ನಮ್ಮೂರ ಶಾಲೆಯ ಬಳಿ ಕೋಳಿ ಗೂಡಿನ ಜಾಲರಿಯಂಥ ತಂತಿಯ ದೊಡ್ಡ ಛತ್ರಿ ನಿಲ್ಲಿಸಿದ್ದರು. ಸಂಜೆಯ ಪ್ರಸಾರ ಮುಗಿದು ಹೆಡ್‌ಮಾಸ್ತರರು ಪೆಟ್ಟಿಗೆಗೆ ಬೀಗ ಹಾಕಿ ಹೊರಟ ಮೇಲೂ ಹಿರಿಯರು ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿರುತ್ತಿದ್ದರು. ಚಿತ್ರ ಆಕಾಶದಿಂದ ಇಳಿಯುವುದಾದರೆ ಮೋಡ ಕವಿದ ದಿನವೂ ಹೇಗೆ ಬರುತ್ತದೆ ಎಂಬುದು ಅವರ ವಾದವಾಗಿತ್ತು. ನ್ಯೂವಾರ್ಕಿನ ಗ್ರಂಥಾಲಯದಲ್ಲಿ ಸೇರಿದ್ದವರ ಮಾತುಕತೆ ಇದಕ್ಕಿಂತ ತೀರ ಬೇರೆಯದಾಗಿತ್ತೆಂದು ನನಗನ್ನಿಸುವುದಿಲ್ಲ.

ಮುಂದಿನ ಪುರವಣಿಯಲ್ಲಿ ಇಸವಿಯನ್ನೂ ಸ್ಥಳವನ್ನೂ ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

— ನಿವೃತ್ತ ವಿಜ್ಞಾನ ಶಿಕ್ಷಕ, ಕೊಪ್ಪಳ