ಅಣ್ಣಿಗೇರಿ ಚರಿತ್ರೆಯಲ್ಲಿ ಕಡ್ಲಿಗೆ ಒಂದು ಸಾಲೂ ಇಲ್ಲವೇ?

ಸಂಪಾದಕರಿಗೆ ನಮಸ್ಕಾರ.

ನಮ್ಮೂರು ಅಣ್ಣಿಗೇರಿ ಬಗ್ಗೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದಿಕವಿ ಪಂಪ ಇದ್ದ, ಅಮೃತೇಶ್ವರ ಗುಡಿ ಇತ್ತು, ಕಲ್ಯಾಣ ಚಾಲುಕ್ಯರ ನಾಲ್ಕನೆಯ ಸೋಮೇಶ್ವರ ಕೊನೆಗಾಲದಲ್ಲಿ ಇಲ್ಲಿ ರಾಜಧಾನಿ ಮಾಡಿಕೊಂಡ ಕಥೆಯೂ ಇತ್ತು. 2010ರಲ್ಲಿ ಗಟಾರ ತೋಡುವಾಗ ಸಿಕ್ಕ ತಲೆಬುರುಡೆಗಳಂತೂ ಫೋಟೊ ಸಮೇತ ಇದ್ದವು. ಬುರುಡೆ ಬಿಟ್ಟು ಅಣ್ಣಿಗೇರಿ ಬಗ್ಗೆ ಬರೆಯೋದು ಈಗ ಯಾರಿಗೂ ಆಗೋದಿಲ್ಲ ಅಂತ ಕಾಣುತ್ತದೆ. ಆದರೆ ನಮ್ಮ ಕಡ್ಲಿ, ಅಂದರೆ ಕಡಲೆ ಬಗ್ಗೆ ಒಂದು ಮಾತೂ ಇರಲಿಲ್ಲ.

ನಾನು ದಲಾಲಿ ಅಂಗಡಿಯಲ್ಲಿ ಪಟ್ಟಿ ಬರೆದು ಸಂಸಾರ ನಡೆಸಿದವನು. ಕಡ್ಲಿ ಮಾಲು ಕಲಬುರಗಿ ಕಡೆಯದೇ ಇರಲಿ, ವ್ಯಾಪಾರಿ ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ಅಂಗೈ ಮೇಲೆ ಹೊರಳಿಸಿ ನೋಡಿ, 'ಅಣ್ಣಿಗೇರಿ, ಬರಕೋ' ಅನ್ನುತ್ತಿದ್ದ. ನಾನು ಬರೆದುಕೊಳ್ಳುತ್ತಿದ್ದೆ. ಲಾತೂರು, ಸೊಲ್ಲಾಪುರ ಪೇಟೆಗಳಲ್ಲಿ ಇದೇ ಕಾಳು 'ಅಣ್ಣಾಗಿರಿ' ಆಗಿದೆ. ಅಲ್ಲಿಂದ ಬಂದ ಒಬ್ಬ ವ್ಯಾಪಾರಿ ಅದು ಯಾವುದೋ ಗುಡ್ಡದ ಹೆಸರು ಅಂತಲೇ ತಿಳಿದಿದ್ದ. ಊರು ರೀ, ಹುಬ್ಬಳ್ಳಿಯಿಂದ ಗದಗಿಗೆ ಹೋಗುವಾಗ ರೈಲು ನಿಲ್ಲುತ್ತದಲ್ಲ ಅದೇ, ಅಂತ ಹೇಳಿದರೆ ಸುಮ್ನೆ ನಕ್ಕ.

ಈ ಹೆಸರು ಬಂದದ್ದು ಹೀಗೆ. ಇಲ್ಲಿಯ ನಾಡತಳಿಯಿಂದಲೇ ಒಳ್ಳೆಯ ಗಿಡಗಳನ್ನು ಆರಿಸಿ ಬೆಳೆಸಿದ ತಳಿ ಅದು. 1978ರಲ್ಲಿ 'ಅಣ್ಣಿಗೇರಿ-1' ಅಂತ ಬಿಡುಗಡೆಯಾಯಿತು. ನಮ್ಮವರು 'ಎ-ಒನ್' ಅಂದರು. ಮುಂಗಾರಿಯಲ್ಲಿ ಹೆಸರುಕಾಳಿನ ಬೆಳೆ ತೆಗೆದು, ಹಿಂಗಾರಿಗೆ ಕಪ್ಪು ಎರಿ ಹೊಲದಲ್ಲಿ ಉಳಿದ ಹಸಿಯ ಮೇಲೇ ಕಡ್ಲಿ ಬಿತ್ತಿದರೆ ಮೂರು, ಮೂರೂಕಾಲು ತಿಂಗಳಿಗೆ ಕಾಳು ಮನೆಗೆ. ನೀರು ಹಾಯಿಸುವ ಮಾತೇ ಇಲ್ಲ. ನೀರಾವರಿ ಇಲ್ಲದ ಸೀಮೆಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಪೇಟೆಯಲ್ಲಿ ಬೆಳೆದವರಿಗೆ ಇದು ಬರೀ ಕಾಳು. ಇಲ್ಲಿ ಗಿಡ ಗೇಣುದ್ದ ಆದಾಗಿನಿಂದಲೇ ತಿನ್ನೋದು ಶುರು. ಕುಡಿ ಚಿವುಟಿದರೆ ಗಿಡ ಟಿಸಿಲೊಡೆಯುತ್ತದೆ, ಚಿವುಟಿದ ಕುಡಿ ಪಲ್ಲೆಗೆ ಆಗುತ್ತದೆ. ನಮ್ಮವ್ವ ಚಳಿಗಾಲದ ಬೆಳಗಿನ ಜಾವ ಬಿಳಿ ಅರಿವೆ ತೊಗೊಂಡು ಹೊಲಕ್ಕೆ ಹೋಗುತ್ತಿದ್ದಳು. ಮಂಜು ಬಿದ್ದ ಕಡ್ಲಿ ಗಿಡದ ಮೇಲೆ ಅರಿವೆ ಎಳೆದುಕೊಂಡು ನಡೆದು, ತೊಯ್ದ ಮೇಲೆ ಬೋಗಾಣಿಗೆ ಹಿಂಡುತ್ತಿದ್ದಳು. ಅದೇ ಕಡ್ಲಿ ಹುಳಿ. ಬಾಟಲಿಯಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಇರುತ್ತಿತ್ತು. ಹೊಟ್ಟೆ ನೋವು ಅಂದವರಿಗೆಲ್ಲ ಒಂದು ಚಮಚ. ಎಳೆಯುವಾಗ ಕಾಲಿಗೆ ಗೀರು ಇದ್ದರೆ ಚುರುಚುರು ಅನ್ನುತ್ತಿತ್ತು, ಅರಿವೆಯೂ ಬೇಗ ಪಿಸಿಯುತ್ತಿತ್ತು. ಈಗ ಹೊಲಕ್ಕೆಲ್ಲ ಔಷಧಿ ಹೊಡೆಯುತ್ತಾರೆ. ಆ ಹುಳಿ ಯಾರು ಕುಡಿದಾರು?

ಹಳೆಯ ಎ-ಒನ್ ಈಗ ಕಡಿಮೆ. ಸೊರಗು ರೋಗಕ್ಕೆ ಅದು ತಡೆಯುತ್ತಿರಲಿಲ್ಲ. ನಿಂತ ಗಿಡ ನಿಂತಲ್ಲೇ ಒಣಗುವುದನ್ನು ನೋಡಿದ ರೈತ ಜೆಜಿ-11, ಜಾಕಿ ತಳಿಗಳಿಗೆ ಹೋದ. ತಪ್ಪೇನಿಲ್ಲ ಬಿಡಿ. ಆದರೆ ಹೆಸರು ಸಾಯಲಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರೂ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರೂ ಸೇರಿ ಅದಕ್ಕೆ ರೋಗ ತಡೆಯುವ ಗುಣ ಕೂಡಿಸಿ 'ಸೂಪರ್ ಅಣ್ಣಿಗೇರಿ-1' ಮಾಡಿದ್ದಾರೆ. ಇಲ್ಲಿ ಒಂದು ಮಜಾ ಇದೆ. ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ತಾಯಿಯ ಕಡೆಯ ಊರೆಂದು ಅಣ್ಣಿಗೇರಿಯ ಹೆಸರಿದೆ. ಕುರ್ಕ್ಯಾಲ ಇರೋದು ತೆಲಂಗಾಣದಲ್ಲಿ. ಪಟಾನ್‌ಚೆರುವೂ ಅಲ್ಲೇ. ಸಾವಿರ ವರ್ಷದ ಹಿಂದೆ ನಮ್ಮೂರ ಹೆಸರನ್ನು ಅಲ್ಲಿಗೆ ಒಯ್ದದ್ದು ಕವಿಯ ಮನೆತನ, ನಮ್ಮ ಕಾಲದಲ್ಲಿ ಒಯ್ದದ್ದು ಕಡ್ಲಿ. ಮೊದಲನೆಯದು ಚರಿತ್ರೆ, ಎರಡನೆಯದು ಬರೀ ಒಕ್ಕಲುತನ ಅನ್ನೋದು ಯಾವ ನ್ಯಾಯ? ರಾಜರು ಬೆಳ್ವೊಲ ಮುನ್ನೂರು ಅನ್ನೋ ನಮ್ಮ ಈ ಹಳೆಯ ನಾಡಿಗೆ ಬಡಿದಾಡಿದ್ದು ಗುಡಿ ನೋಡಲಿಕ್ಕಲ್ಲ, ಇಲ್ಲಿಯ ಎರಿ ಮಣ್ಣಿಗೆ ಅಂತ ನನ್ನ ತಿಳಿವಳಿಕೆ.

ದೊಡ್ಡ ಬೇಡಿಕೆ ಏನಿಲ್ಲ. ಪ್ರವಾಸಿಗರಿಗೆ ಅಂತ ಊರಲ್ಲಿ ಫಲಕ ಹಾಕುವಾಗ ಪಂಪನ ಕೆಳಗೆ ಕಡ್ಲಿಗೂ ನಾಲ್ಕು ಸಾಲು ಕೊಡಲಿ. ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪ್ರತಿ ಹಿಂಗಾರಿಗೆ ಒಂದೆರಡು ಗುಂಟೆ ಹಳೆಯ ಎ-ಒನ್ ಬಿತ್ತಿ, ಸಾಲಿ ಮಕ್ಕಳನ್ನು ಕರೆದು ತೋರಿಸಲಿ. ಬೀಜಕ್ಕೆ ಬೂದಿ ಕಲಸಿ ಇಡುತ್ತಿದ್ದ, ನೆಲದೊಳಗಿನ ಹಗೇವಿಗೆ ಇಳಿದು ಜೋಳ ತೆಗೆಯುತ್ತಿದ್ದ ಮುದುಕರು ಓಣಿಗೆ ಒಬ್ಬಿಬ್ಬರು ಇನ್ನೂ ಇದ್ದಾರೆ. ಅವರನ್ನು ಮಾತಾಡಿಸಿ ಬರೆದುಕೊಳ್ಳುವ ಕೆಲಸ ನಿಮ್ಮ ವರದಿಗಾರರೇ ಮಾಡಬಹುದು. ಸಂಕ್ರಾಂತಿ ಆಸುಪಾಸು ಬರಲಿ. ಹಸಿ ಕಡ್ಲಿಯ ಸುಲಗಾಯಿ ಸುಡುವ ಕಾಲ, ಹಿರಿಯರೂ ಹೊಲದಲ್ಲೇ ಸಿಗುತ್ತಾರೆ.

— ಹಳೆಯ ಗುಮಾಸ್ತ, ಅಣ್ಣಿಗೇರಿ