ಸ್ಪ್ಯಾನಿಷ್ ಮಾಸ್ ಜಗಲಿಯಲ್ಲಿರಲಿ, ಕಲ್ಲುಹೂವು ಮರದಲ್ಲೇ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ನರ್ಸರಿಗಳಲ್ಲಿ ಈಗ ‘ಸ್ಪ್ಯಾನಿಷ್ ಮಾಸ್’ ಎಂಬ, ಬೂದಿ ಬಣ್ಣದ ಜಡೆಯಂತೆ ಇಳಿಬೀಳುವ ಗಿಡ ಮಾರಾಟಕ್ಕೆ ಬರುತ್ತಿದೆ. ಮಣ್ಣು ಬೇಡ, ಕುಂಡ ಬೇಡ, ಎಲ್ಲಿ ಬೇಕಾದರೂ ತೂಗುಹಾಕಿ ಎಂದಷ್ಟೇ ಹೇಳಿ ಕೊಡುತ್ತಾರೆ. ನನ್ನ ಪರಿಚಯದ ಮನೆಗಳಲ್ಲಿ ಅದು ಒಂದು ಮಳೆಗಾಲ ದಾಟಿದ್ದನ್ನು ನಾನು ಕಂಡದ್ದು ಕಡಿಮೆ. ಅದು ಸತ್ತ ಮೇಲೆ ಕೆಲವರು ಕಾಫಿ ತೋಟದ ನೆರಳಿನ ಮರಗಳಲ್ಲಿ ತೂಗಾಡುವ ನಮ್ಮದೇ ಕಲ್ಲುಹೂವಿನ ಜಾತಿಯನ್ನು ಅದೇ ಗಿಡವೆಂದು ತಿಳಿದು ಕಿತ್ತು ತಂದು ಕಟ್ಟುತ್ತಾರೆ. ಇನ್ನು ಕೆಲವರು ಉಳಿದ ಎಳೆಗಳು ಬದುಕಿಕೊಳ್ಳಲಿ ಎಂದು ಹಿತ್ತಲಿನ ಮರಕ್ಕೆ ಎಸೆಯುತ್ತಾರೆ. ಈ ಎರಡೂ ಆಗಬಾರದು. ಗಿಡವನ್ನು ಮನೆಯೊಳಗೆ ಸರಿಯಾಗಿ ನೋಡಿಕೊಳ್ಳುವುದು ಗೊತ್ತಿದ್ದರೆ ಎರಡಕ್ಕೂ ಕಾರಣವೇ ಇರುವುದಿಲ್ಲವಾದ್ದರಿಂದ, ಆರು ವರ್ಷಗಳಿಂದ ಇದನ್ನು ಜಗಲಿಯಲ್ಲಿ ಬೆಳೆಸುತ್ತಿರುವ ನಾನು ಈ ಪತ್ರ ಬರೆಯುತ್ತಿದ್ದೇನೆ.

ಹೆಸರಿನಲ್ಲಿ ಮಾಸ್ ಎಂದಿದ್ದರೂ ಇದು ಹಾವಸೆಯಲ್ಲ, ಸ್ಪೇನ್ ದೇಶದ್ದೂ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ರಾಜ್ಯಗಳಿಂದ ಹಿಡಿದು ದಕ್ಷಿಣದ ಅರ್ಜೆಂಟೀನಾ, ಚಿಲಿಯವರೆಗೆ ಮರಗಳ ಮೇಲೆ ಬೆಳೆಯುವ, ಅನಾನಸಿನ ಕುಟುಂಬಕ್ಕೆ ಸೇರಿದ ಹೂಬಿಡುವ ಸಸ್ಯವಿದು. ಬೆಳೆದ ಗಿಡಕ್ಕೆ ಬೇರುಗಳಿರುವುದಿಲ್ಲ; ಬಂದಳಿಕೆಯಂತೆ ಆಶ್ರಯ ಕೊಟ್ಟ ಮರದ ರಸವನ್ನು ಹೀರುವುದೂ ಇಲ್ಲ. ಇದರ ಶಾಸ್ತ್ರೀಯ ಹೆಸರು ಟಿಲ್ಯಾಂಡ್ಸಿಯಾ ಅಸ್ನಿಯಾಯ್ಡಿಸ್. ಎರಡನೆಯ ಪದಕ್ಕೆ ‘ಅಸ್ನಿಯಾವನ್ನು ಹೋಲುವಂಥದ್ದು’ ಎಂದರ್ಥ. 1753ರಲ್ಲಿ ಲಿನೇಯಸ್ ಇದನ್ನು ಹೆಸರಿಸುವಾಗಲೇ ಗುರುತಿಸಿದ್ದ ಈ ಹೋಲಿಕೆಯೇ ಇಂದು ನಮ್ಮವರನ್ನೂ ದಾರಿ ತಪ್ಪಿಸುತ್ತಿದೆ. ಏಕೆಂದರೆ ಬಾಬಾಬುಡನ್‌ಗಿರಿಯ ಕಡೆಯ ಮರಗಳಲ್ಲಿ ಹಸಿರು ಗಡ್ಡದಂತೆ ಇಳಿದಿರುವುದು ಈ ಅಸ್ನಿಯಾ ಗುಂಪಿನ ಕಲ್ಲುಹೂವೇ.

ಶಿಲೀಂಧ್ರವೂ ಪಾಚಿಯೂ ಒಂದಾಗಿ ಬದುಕುವ ಈ ಕಲ್ಲುಹೂವು ಬಹಳ ನಿಧಾನವಾಗಿ ಬೆಳೆಯುತ್ತದೆ, ಮತ್ತು ಶುದ್ಧ ಗಾಳಿ, ಮಂಜು ಇರುವಲ್ಲಿ ಮಾತ್ರ ನೆಮ್ಮದಿಯಾಗಿರುತ್ತದೆ. ಅದನ್ನು ತಂದು ಬೈಠಕ್‌ಖಾನೆಯಲ್ಲಿ ಕಟ್ಟಿದರೆ ಯಾವ ಆರೈಕೆಯಿಂದಲೂ ಉಳಿಯದು. ಗುರುತು ಹಿಡಿಯುವುದು ಕಷ್ಟವಲ್ಲ. ಅಸ್ನಿಯಾದ ಹಸಿ ಎಳೆಯನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದರೆ ಹೊರಸಿಪ್ಪೆ ಒಡೆದು ಒಳಗೆ ಬಿಳಿಯ, ರಬ್ಬರಿನಂತೆ ಹಿಗ್ಗುವ ದಾರ ಕಾಣುತ್ತದೆ. ಸ್ಪ್ಯಾನಿಷ್ ಮಾಸ್‌ನಲ್ಲಿ ಕಾಣುವುದು ಕುದುರೆ ಕೂದಲಿನಂಥ ಗಟ್ಟಿ ಕಪ್ಪು ನಾರು. ಆ ನಾರನ್ನು ಅಮೆರಿಕದಲ್ಲಿ ಹಿಂದೆ ಹಾಸಿಗೆಗೂ ಕಾರಿನ ಸೀಟಿಗೂ ತುಂಬುತ್ತಿದ್ದರು.

ಇನ್ನು ನೀರಿನ ವಿಷಯ. ಈ ಗಿಡದ ಮೈಮೇಲೆಲ್ಲ ಬೆಳ್ಳಿಯ ಹೊಟ್ಟಿನಂಥ ಸಣ್ಣ ಹುರುಪೆಗಳಿವೆ, ನೀರು ಕುಡಿಯುವುದು ಇವುಗಳ ಮೂಲಕವೇ. ಒಣಗಿದಾಗ ಬೂದಿಯಾಗಿ ಕಾಣುವ ಎಳೆ ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಹಸಿರಾಗುತ್ತದೆ. ಹಸಿರಾಗುವವರೆಗೆ ನೀರು ಕೊಡಿ, ಮತ್ತೆ ಬೂದಿಯಾಗುವವರೆಗೆ ಬಿಡಿ ಎಂಬುದೇ ನಾನು ಪಾಲಿಸುವ ಲೆಕ್ಕ. ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ಬಕೆಟ್‌ನಲ್ಲಿ 20 ನಿಮಿಷ ಮುಳುಗಿಸಿ, ಚೆನ್ನಾಗಿ ಕೊಡವಿ ತೂಗುಹಾಕುತ್ತೇನೆ. ಅರಸೀಕೆರೆ, ಕಡೂರಿನಂಥ ಒಣಹವೆಯ ಊರುಗಳಲ್ಲಿ ಇದರ ಜೊತೆಗೆ ದಿನವೂ ಸ್ವಲ್ಪ ಚಿಮುಕಿಸಬೇಕಾದೀತು. ನೀರು ಕೊಡುವುದು ಬೆಳಿಗ್ಗೆಯೇ ಆಗಬೇಕು. ಸಾಮಾನ್ಯ ಗಿಡಗಳಂತಲ್ಲದೆ ಇದು ತನ್ನ ಎಲೆರಂಧ್ರಗಳನ್ನು ರಾತ್ರಿ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಸಂಜೆ ನೀರೆರೆದರೆ ಒದ್ದೆಯಾದ ಹುರುಪೆಗಳು ಮೈಗಂಟಿಕೊಂಡು ರಾತ್ರಿಯ ಈ ಉಸಿರಾಟಕ್ಕೆ ಅಡ್ಡಿಯಾಗುತ್ತವೆ. ಕೊಳವೆಬಾವಿಯ ಗಡಸು ನೀರಿನಿಂದ ಹಂಡೆಯಲ್ಲಿ ಕಟ್ಟುವ ಬಿಳಿ ಪೊರೆ ಈ ಹುರುಪೆಗಳ ಮೇಲೂ ಕಟ್ಟುತ್ತದೆ. ಆದ್ದರಿಂದ ಇದಕ್ಕೆ ಮಳೆನೀರೇ ಒಳ್ಳೆಯದು; ಸೂರಿನ ನೀರನ್ನು ಹಿಡಿದಿಟ್ಟುಕೊಳ್ಳುವುದು ನಮ್ಮಲ್ಲಿ ಕಷ್ಟವೇನೂ ಅಲ್ಲ.

ಮಳೆಗಾಲದಲ್ಲಿ ನಾನು ನೀರನ್ನೇ ಕೊಡುವುದಿಲ್ಲ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಡ ಸಾಯುವುದು ಬಾಯಾರಿಕೆಯಿಂದಲ್ಲ, ದಿನಗಟ್ಟಲೆ ಆರದೆ ಒಳಗೊಳಗೇ ಕೊಳೆತು. ದಪ್ಪ ಗೊಂಚಲಾಗಿ ಕಟ್ಟಿದರೆ ಹೊರಗಿನ ಎಳೆಗಳು ಚೆನ್ನಾಗಿ ಕಾಣುತ್ತಿರುವಾಗಲೇ ನಡುವಿನವು ಕಪ್ಪಾಗಿ ಮೆತ್ತಗಾಗಿರುತ್ತವೆ. ಆದ್ದರಿಂದ ಮಳೆ ಹಿಡಿಯುವ ಮುನ್ನ ಗೊಂಚಲನ್ನು ಬಿಡಿಸಿ, ಸಿಕ್ಕು ತೆಗೆದು, ತೆಳುವಾಗಿ ಹರಡಿ, ಗಾಳಿಯಾಡುವ ಕಿಟಕಿಯ ಬಳಿ ತೂಗುಹಾಕಬೇಕು. ನೇರ ಬಿಸಿಲು ಬೇಡ, ಆದರೆ ಬೆಳಕು ಚೆನ್ನಾಗಿ ಬೇಕು.

ನಮ್ಮ ಜಿಲ್ಲೆಗಳ ಬೆಳೆಗಾರರ ಮನೆಗಳಿಗೆ ವಿಶೇಷವಾಗಿ ಹೇಳಲೇಬೇಕಾದ ಮಾತೊಂದಿದೆ. ನನ್ನ ಮೊದಲ ಗಿಡ ಸತ್ತದ್ದು ನೀರಿನ ತಪ್ಪಿನಿಂದಲ್ಲ. ಮೇ ಕೊನೆಯಲ್ಲಿ ಮೆಣಸಿನ ಸಸಿಗಳಿಗೆ ಬೋರ್ಡೋ ದ್ರಾವಣವೆಂಬ ಶಿಲೀಂಧ್ರನಾಶಕ ಹೊಡೆದ ಕೈಪಂಪನ್ನು ಎರಡು ಸಲ ತೊಳೆದು, ಅದರಲ್ಲೇ ನೀರು ತುಂಬಿ ಇದಕ್ಕೆ ಚಿಮುಕಿಸುತ್ತಿದ್ದೆ. ಮೂರು ವಾರದೊಳಗೆ ಎಳೆಗಳ ತುದಿ ಕಂದಿ, ಮುಟ್ಟಿದರೆ ಉದುರತೊಡಗಿದವು. ಪಂಪಿನ ನಳಿಕೆಯನ್ನು ಬಿಚ್ಚಿ ನೋಡಿದಾಗ ಒಳಗೆ ತಿಳಿನೀಲಿಯ ಗಸಿ ಇನ್ನೂ ಅಂಟಿಕೊಂಡಿತ್ತು. ಬೋರ್ಡೋದಲ್ಲಿರುವ ಮೈಲುತುತ್ತ ತಾಮ್ರದ ಲವಣ. ಅನಾನಸಿನ ಕುಟುಂಬದ ಈ ಬಗೆಯ ಗಿಡಗಳಿಗೆ ತಾಮ್ರ ವಿಷ. ಕೊಳೆರೋಗಕ್ಕೆಂದು ಅಡಿಕೆಗೆ, ಸೊರಗು ರೋಗಕ್ಕೆಂದು ಮೆಣಸಿಗೆ ಔಷಧಿ ಹೊಡೆಯುವ ದಿನಗಳಲ್ಲಿ ಜಗಲಿಯ ಗಿಡವನ್ನು ಒಳಕೋಣೆಗೆ ಸಾಗಿಸಿ, ಅದಕ್ಕೆಂದೇ ಬೇರೆ ಪಂಪು ಇಟ್ಟುಕೊಳ್ಳಿ. ಕಟ್ಟುವುದಕ್ಕೂ ತಾಮ್ರದ ತಂತಿ ಬೇಡ, ತೆಂಗಿನ ಹುರಿ ಸಾಕು.

ಗೊಬ್ಬರದ ಅಗತ್ಯ ಹೆಚ್ಚಿಲ್ಲ. ಕೊಳ್ಳುವಾಗ ಮಾತ್ರ ಎಳೆಯೊಂದನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿಲ್ಲದಿದ್ದರೆ ಅದು ಅಲಂಕಾರಕ್ಕೆಂದು ಒಣಗಿಸಿ ಬಣ್ಣ ಹಚ್ಚಿದ ಸರಕು, ಎಷ್ಟು ನೀರೆರೆದರೂ ಚಿಗುರದು. ಚೆನ್ನಾಗಿ ನೆಲೆಯೂರಿದ ಗಿಡ ಹೂವನ್ನೂ ಬಿಡುತ್ತದೆ. ಕಳೆದ ವರ್ಷ ನಮ್ಮ ಜಗಲಿಯಲ್ಲಿ ಉಗುರಿಗಿಂತ ಚಿಕ್ಕದಾದ, ಮೂರೆಸಳಿನ ಹಸಿರು ಹಳದಿ ಹೂಗಳು ಬಂದಿದ್ದವು. ಹಗಲಿನಲ್ಲಿ ಹುಡುಕಿದರೂ ಕಾಣದ ಅವುಗಳ ಇರವು ನಮಗೆ ತಿಳಿದದ್ದು ರಾತ್ರಿ ಹರಡಿದ ನವಿರಾದ ಪರಿಮಳದಿಂದ.

ಇಷ್ಟು ಪ್ರೀತಿಯಿಂದ ಬೆಳೆಸಿಯೂ ಇದರ ಒಂದು ಎಳೆಯನ್ನು ನಾನು ತೋಟದ ಮರಕ್ಕೆ ಹಾಕಿಲ್ಲ. ತುಂಡಾದ ಒಂದು ಗೇಣು ಎಳೆ ಸಾಕು, ಅದು ಹೊಸ ಗಿಡವಾಗುತ್ತದೆ. ಗಾಳಿಗೆ ಹಾರಿಯೂ, ಗೂಡು ಕಟ್ಟುವ ಹಕ್ಕಿಗಳ ಕೊಕ್ಕಿನಲ್ಲಿಯೂ ಹರಡುತ್ತದೆ. ಆಸ್ಟ್ರೇಲಿಯಾದಲ್ಲಿ ಇದು ತೋಟಗಳಿಂದ ಹೊರಬಿದ್ದು ಮರಗಳಿಗೆ ಹಬ್ಬಿದೆ. ಅಲಂಕಾರಕ್ಕೆಂದು ತಂದ ಲಂಟಾನ ನಮ್ಮ ಕಾಡುಗಳಲ್ಲಿ ಏನು ಮಾಡಿದೆ ಎಂಬುದನ್ನು ನಾವು ದಿನವೂ ನೋಡುತ್ತಿದ್ದೇವೆ. ಮಂಜು, ಮಳೆ, ನೆರಳಿನ ಮರ ಎಲ್ಲವೂ ಇರುವ ನಮ್ಮ ಘಟ್ಟದಲ್ಲಿ ಸೀತಾಳೆ ದಂಡೆಯೆಂಬ ಆರ್ಕಿಡ್ಡೂ ಕಲ್ಲುಹೂವೂ ಬೆಳೆಯುವ ಕೊಂಬೆಗಳ ಮೇಲೆ ಇನ್ನೊಂದು ಹೊರಗಿನ ಗಿಡಕ್ಕೆ ನಾವಾಗಿ ಜಾಗ ಮಾಡಿಕೊಡುವುದು ಬೇಡ. ಕತ್ತರಿಸಿ ತೆಗೆದ ಎಳೆಗಳನ್ನು ನಾನು ಒಣಗಿಸಿ ಬಚ್ಚಲ ಒಲೆಗೆ ಹಾಕುತ್ತೇನೆ.

ನರ್ಸರಿಯವರು ಈ ಗಿಡದ ಜೊತೆಗೆ ಕನ್ನಡದಲ್ಲಿ ಒಂದು ಚೀಟಿ ಕೊಡಬೇಕೆಂದೂ, ಬೆಳಿಗ್ಗೆ ನೀರು, ತಾಮ್ರದಿಂದ ದೂರ, ತೋಟದ ಮರಕ್ಕೆ ಕಟ್ಟಬೇಡಿ ಎಂಬ ಮೂರು ಮಾತುಗಳಾದರೂ ಅದರಲ್ಲಿರಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಒಬ್ಬ ಕಾಫಿ ಬೆಳೆಗಾರ್ತಿ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ